ಇಸಿಜಿ ನಾರ್ಮಲ್, ಆದರೂ ಎದೆ ಡವಡವ

ಇಸಿಜಿ ನಾರ್ಮಲ್ ಬಂದ ಕೂಡಲೇ 'ಏನೂ ಇಲ್ಲ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ' ಎಂದು ಹೇಳಿ ಕಳಿಸುವುದು ನಮ್ಮಲ್ಲಿ ರೂಢಿ. ಆತಂಕದ ಜೊತೆ ಏಗಿ ನಾನು ಕಲಿತದ್ದೇನೆಂದರೆ, ಇದು ಅರ್ಧ ಸತ್ಯ. ಉಳಿದರ್ಧ ರೋಗಿಯನ್ನು ಇನ್ನೊಂದು ಆಸ್ಪತ್ರೆಗೆ ಅಟ್ಟುತ್ತದೆ. ಹೃದಯದಲ್ಲಿ ದೋಷ ಕಂಡಿಲ್ಲ, ಸರಿ. ಆದರೆ ಎದೆ ಹೊಡೆದುಕೊಂಡದ್ದು ಕಲ್ಪನೆಯಲ್ಲ, ಅಡ್ರಿನಲಿನ್ ಹೃದಯವನ್ನು ಓಡಿಸಿದೆ. ಅಪಾಯ ಕಂಡಾಗ ದೇಹ ಹೋರಾಡಲು ಇಲ್ಲವೇ ಓಡಿಹೋಗಲು ಸಜ್ಜಾಗುವ ಬಗೆಯನ್ನು ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರಲ್ಲೇ ಪುಸ್ತಕವಾಗಿ ಬರೆದರು. ಡವಡವದ ಜೊತೆಗೆ ಬರುವ ಬೆರಳಿನ ಜೋಮನ್ನೇ ನೋಡಿ. ಗಾಬರಿಯಲ್ಲಿ ಉಸಿರು ಚುರುಕಾಗಿ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ, ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಅದರಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಇಳಿದು ನರಗಳು ಕೆರಳುತ್ತವೆ. ತುಟಿಯ ಸುತ್ತ ಚುಮುಚುಮು, ಬೆರಳುಗಳಲ್ಲಿ ಜೋಮು. ಕೆಲವರಿಗೆ ಹೆಬ್ಬೆರಳು ಅಂಗೈಯೊಳಕ್ಕೇ ಸೆಟೆದುಕೊಳ್ಳುತ್ತದೆ. ಮಿದುಳಿನ ರಕ್ತನಾಳಗಳು ಬಿಗಿದು ತಲೆ ತೇಲಿದಂತಾಗುತ್ತದೆ. ವಿಚಿತ್ರವೆಂದರೆ, ಗಾಳಿ ಅತಿಯಾದ ಈ ಹೊತ್ತಿನಲ್ಲೇ ಗಾಳಿ ಸಾಲದೆನಿಸಿ ಮನುಷ್ಯ ಇನ್ನಷ್ಟು ಜೋರಾಗಿ ಉಸಿರೆಳೆಯುತ್ತಾನೆ.

ಎಲ್ಲವನ್ನೂ ಆತಂಕದ ತಲೆಗೆ ಕಟ್ಟಿದರೆ ನಿಜವಾದ ಹೃದ್ರೋಗ ತಪ್ಪಿಹೋಗುವುದಿಲ್ಲವೇ? ಹೋಗುತ್ತದೆ, ಅದರಲ್ಲೂ ಹೆಂಗಸರ ವಿಷಯದಲ್ಲಿ. ಆದ್ದರಿಂದ ಮೊದಲ ಸಲದ ಎದೆನೋವಿಗೆ ಆಸ್ಪತ್ರೆಗೆ ಹೋಗಲೇಬೇಕು. ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಇಳಿತ ಕೂಡ ಇದೇ ವೇಷ ಹಾಕುತ್ತವೆ. ನನ್ನ ತಕರಾರು ಒಮ್ಮೆ ಸರಿಯಾಗಿ ನೋಡಿಸಿದ ಮೇಲೂ ತಿಂಗಳಿಗೊಂದು ಸ್ಕ್ಯಾನ್ ಮಾಡಿಸುವ ಬಗ್ಗೆ. ಪ್ರತಿ ವರದಿಯ ನೆಮ್ಮದಿ ಕರಗುವಷ್ಟರಲ್ಲಿ ಮುಂದಿನ ಭಯ ಬಾಗಿಲಿಗೆ ಬಂದಿರುತ್ತದೆ. ಇನ್ನು ಕೆಲವರು, ಬಹುಪಾಲು ಮನೆಯ ಹಿರಿಯರು, 'ಮನಸ್ಸಿನಿಂದ ಬಂದದ್ದನ್ನು ಮನಸ್ಸು ಗಟ್ಟಿ ಮಾಡಿ ಓಡಿಸು' ಅನ್ನುತ್ತಾರೆ. ಹೃದಯಕ್ಕೆ ನಿಧಾನವಾಗು ಎಂದು ಆಜ್ಞೆ ಮಾಡಲು ಯಾರಿಗೂ ಬರುವುದಿಲ್ಲ. ತಾನಾಗಿಯೂ ನಡೆಯುವ, ನಾವು ಹೇಳಿದಂತೆಯೂ ಕೇಳುವ ಕ್ರಿಯೆ ಉಸಿರು. ಒಳಗೆಳೆದದ್ದಕ್ಕಿಂತ ದೀರ್ಘವಾಗಿ ಹೊರಬಿಟ್ಟರೆ ಬಡಿತ ಮೆಲ್ಲಗೆ ಇಳಿಯುತ್ತದೆ. ಅಷ್ಟರಿಂದ ಕಾಯಿಲೆ ಗುಣವಾಗದು. ಪದೇ ಪದೇ ಬರುವ ಆತಂಕಕ್ಕೆ ಆಪ್ತಸಮಾಲೋಚನೆ, ಬೇಕಿದ್ದರೆ ಮಾತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಕಾಗದದ ಚೀಲ ಮುಖಕ್ಕೆ ಹಿಡಿದು ಉಸಿರಾಡಿಸುವ ಹಳೆಯ ಉಪಾಯ ಮಾತ್ರ ಬೇಡ. ಆತಂಕವೆಂದುಕೊಂಡದ್ದು ಅಸ್ತಮಾ ಅಥವಾ ಹೃದಯಾಘಾತವೇ ಆಗಿದ್ದರೆ, ಮೊದಲೇ ಕುಸಿದಿರಬಹುದಾದ ಆಮ್ಲಜನಕ ಆ ಚೀಲದಿಂದ ಇನ್ನಷ್ಟು ಕುಸಿಯುತ್ತದೆ.