ಚಹಾ ಎಲೆಯ ನ್ಯಾನೊ ಕಬ್ಬಿಣ ಮತ್ತು ಕ್ರೋಮಿಯಂ ಮಾಲಿನ್ಯ

1 ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳೇ ನ್ಯಾನೊಕಣಗಳು. ಗಾತ್ರ ಕುಗ್ಗಿದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ವಿಸ್ತೀರ್ಣ ಹಿಗ್ಗುತ್ತದೆ. ಅವುಗಳ ಚುರುಕಿನ ಗುಟ್ಟು ಇದು.

ಅಂತರ್ಜಲ ಶುದ್ಧೀಕರಣಕ್ಕೆ ಬಳಸುವ ನ್ಯಾನೊ ಕಬ್ಬಿಣವನ್ನು ಸಾಮಾನ್ಯವಾಗಿ ಕಬ್ಬಿಣದ ಲವಣವನ್ನು ಸೋಡಿಯಂ ಬೋರೋಹೈಡ್ರೈಡ್‌ನಿಂದ ಅಪಕರ್ಷಿಸಿ (ಎಲೆಕ್ಟ್ರಾನ್ ಕೊಟ್ಟು) ತಯಾರಿಸುತ್ತಾರೆ. ಈ ರಾಸಾಯನಿಕ ದುಬಾರಿ, ವಿಷಕಾರಿ. ಕ್ರಿಯೆಯಲ್ಲಿ ಹೈಡ್ರೋಜನ್ ಅನಿಲವೂ ಹೊಮ್ಮುತ್ತದೆ. ಹಸಿರು ವಿಧಾನದಲ್ಲಿ ಆ ಕೆಲಸ ಹಸಿರು ಚಹಾ ಎಲೆಯ ಕಷಾಯದ್ದು. ಅದರಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣದ ಲವಣವನ್ನು ಅಪಕರ್ಷಿಸುತ್ತವೆ, ಜತೆಗೆ ಕಣಗಳಿಗೆ ಹೊದಿಕೆಯಾಗಿ ಅವು ಗಂಟುಕಟ್ಟದಂತೆ ತಡೆಯುತ್ತವೆ. ಹೀಗೆ ಸಿಗುವುದು ಯಾವಾಗಲೂ ಶುದ್ಧ ಲೋಹವಲ್ಲ. ಆಕ್ಸೈಡ್, ಪಾಲಿಫಿನಾಲ್ ಸಂಕೀರ್ಣಗಳೂ ಬೆರೆತಿರುತ್ತವೆ.

ಈ ನ್ಯಾನೊ ಕಬ್ಬಿಣದಿಂದ ನಿವಾರಿಸಬಹುದಾದ ಮಾಲಿನ್ಯಕಾರಕಗಳಲ್ಲಿ ಒಂದು ಕ್ರೋಮಿಯಂ. ಒಡಿಶಾದ ಸುಕಿಂದಾ ಕಣಿವೆಯ ಕ್ರೋಮೈಟ್ ಗಣಿಗಳು, ತಮಿಳುನಾಡಿನ ರಾಣಿಪೇಟೆಯ ಕ್ರೋಮಿಯಂ ತ್ಯಾಜ್ಯ ನಮ್ಮ ದೇಶದ ಪರಿಚಿತ ಉದಾಹರಣೆಗಳು. ಕ್ರೋಮಿಯಂ-6 ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕ್ಯಾನ್ಸರ್‌ಕಾರಕ. ನ್ಯಾನೊ ಕಬ್ಬಿಣ ಎಲೆಕ್ಟ್ರಾನ್ ಕೊಟ್ಟು ಅದನ್ನು ಕ್ರೋಮಿಯಂ-3 ಆಗಿಸುತ್ತದೆ; ಇದರ ವಿಷ ಕಡಿಮೆ, ಹೈಡ್ರಾಕ್ಸೈಡ್ ರೂಪದಲ್ಲಿ ತಳಕ್ಕಿಳಿಯುತ್ತದೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿ.ಗ್ರಾಂ.

ಹಸಿರು ವಿಧಾನದ ತೊಡಕು: ಎಲೆಯ ತಳಿ, ಕೊಯ್ಲಿನ ಕಾಲ ಬದಲಾದರೆ ಕಣಗಳ ಗುಣವೂ ಬದಲಾಗುತ್ತದೆ.

ಈ ವಿಧಾನವನ್ನು ಫೈಟೊರೆಮಿಡಿಯೇಶನ್ ಜತೆ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಸಾಸಿವೆಯಂಥ ಜೀವಂತ ಗಿಡವೇ ಬೇರಿನಿಂದ ಲೋಹವನ್ನು ಹೀರಿಕೊಳ್ಳುತ್ತದೆ.