ಮೊದಲು ಪ್ರಶ್ನೆ, ಆಮೇಲೆ ಅನುದಾನ

ಪ್ರಶ್ನೆ: ನಾನು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಬಿಸಿನೆಸ್ ಅನಲಿಟಿಕ್ಸ್‌ನಲ್ಲಿ ಸಂಶೋಧನೆ ಮಾಡುವ ಆಸೆ. ಹಣ ಎಲ್ಲಿ ಸಿಗುತ್ತದೆ? ಪ್ರಾಧ್ಯಾಪಕರನ್ನು ಹೇಗೆ ಕೇಳಲಿ?

ಉತ್ತರ: ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ದಶಕಗಳಿಂದ ಧನಸಹಾಯ ಕೊಡುತ್ತಿದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು, ಮಾರ್ಗದರ್ಶಕರ ಸಹಿ ಬೇಕು. ಈ ಧನಸಹಾಯವನ್ನು ಸಂಬಳವೆಂದುಕೊಳ್ಳಬೇಡಿ, ಪ್ರಾಜೆಕ್ಟಿನ ಖರ್ಚಿಗೆ ಒಂದು ಆಸರೆ, ಅಷ್ಟೆ.

ಇನ್ನು ಪ್ರಾಧ್ಯಾಪಕರ ಬಳಿ ‘ಸರ್, ಏನಾದರೂ ಟಾಪಿಕ್ ಕೊಡಿ’ ಎಂದು ಬರಿಗೈಯಲ್ಲಿ ಹೋಗಬೇಡಿ. ಒಂದು ಪುಟ ಬರೆದುಕೊಂಡು ಹೋಗಿ: ಪ್ರಶ್ನೆ ಏನು, ದತ್ತಾಂಶ ಎಲ್ಲಿಯದು, ಉತ್ತರದಿಂದ ಯಾರಿಗೆ ಉಪಯೋಗ. ಉದಾಹರಣೆಗೆ, ಕೋಲಾರದ ಎಪಿಎಂಸಿಯ ಟೊಮೆಟೊ ಬೆಲೆಯನ್ನು ಒಂದು ವಾರ ಮುಂಚೆ ಅಂದಾಜಿಸಬಹುದೇ? ಮಾರುಕಟ್ಟೆಗಳ ದಿನವಹಿ ಆವಕ, ಧಾರಣೆ ಕೇಂದ್ರದ ಅಗ್‌ಮಾರ್ಕ್‌ನೆಟ್ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಖಾಸಗಿ ಅಂಗಡಿಯ ಲೆಕ್ಕ ಬಳಸುವುದಾದರೆ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಗ್ರಾಹಕರ ಹೆಸರು, ಫೋನ್ ನಂಬರ್ ತೆಗೆದುಹಾಕಿ.

ಇನ್ನೊಂದು ಮಾತು. ‘ಇಂದಿನ ಬೆಲೆಯೇ ಮುಂದಿನ ವಾರವೂ ಇರುತ್ತದೆ’ ಎಂಬ ಸರಳ ಊಹೆಯನ್ನು ಬೆಲೆ ಅಂದಾಜಿಸುವ ನಿಮ್ಮ ಮಾದರಿ ಸೋಲಿಸದಿದ್ದರೆ ಅದು ಎಷ್ಟೇ ಜಟಿಲವಾಗಿದ್ದರೂ ವ್ಯರ್ಥ. ಈ ಹೋಲಿಕೆಯನ್ನು ಪ್ರಸ್ತಾವದಲ್ಲೇ ಬರೆಯಿರಿ. ಮಾರ್ಗದರ್ಶಕರಿಗೆ ನಿಮ್ಮ ಮೇಲೆ ಭರವಸೆ ಹುಟ್ಟುವುದು ಅಲ್ಲೇ.