ಅಕ್ರಿಲಿಕ್ ಬಣ್ಣದ ದಾಸ್ತಾನು: ರಕ್ಷಣೆ ಮತ್ತು ಮೌಲ್ಯಮಾಪನ

ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆಂದು ಒಮ್ಮೆ ಬಣ್ಣದ ವರ್ತಕರೊಬ್ಬರ ಗೋದಾಮಿಗೆ ಹೋಗಿದ್ದೆ. ಪಟ್ಟಿಯಲ್ಲಿದ್ದಷ್ಟು ಡಬ್ಬಗಳೂ ಅಲ್ಲಿದ್ದವು. ಎಣಿಕೆ ಸರಿಯಿದೆಯೆಂದು ಸಹಿ ಹಾಕುವ ಮೊದಲು, ತಗಡಿನ ಮಾಡಿನ ಕೆಳಗಣ ಅಟ್ಟದಲ್ಲಿದ್ದ ನಾಲ್ಕು ಡಬ್ಬಗಳ ಮುಚ್ಚಳ ತೆಗೆಯಿಸಿದೆ. ಎರಡರಲ್ಲಿ ಬಣ್ಣವು ಹಾಲಿನಂತೆ ಒಡೆದಿತ್ತು. ಇನ್ನೊಂದರಿಂದ ಕೊಳೆತ ಮೊಟ್ಟೆಯ ವಾಸನೆ ಬಂದಿತು. ಪುಸ್ತಕದಲ್ಲಿ ಮಾತ್ರ ಎಲ್ಲಕ್ಕೂ ಕೊಂಡ ಬೆಲೆಯೇ ನಮೂದಾಗಿತ್ತು.

ಅಕ್ರಿಲಿಕ್ ಎಮಲ್ಷನ್ ಎಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಲಿಮರ್ ಕಣಗಳು ಮತ್ತು ವರ್ಣದ್ರವ್ಯ. ನೀರು ಆರಿದಾಗ ಕಣಗಳು ಒಂದಕ್ಕೊಂದು ಬೆಸೆದು ಪದರವಾಗುತ್ತವೆ. ಆ ಪದರವು ಮತ್ತೆ ನೀರಿನಲ್ಲಿ ಕರಗದು. ಆದಕಾರಣ ಮುಚ್ಚಳ ಸಡಿಲವಾದ ಡಬ್ಬದಲ್ಲಿ ಆಗುವ ನಷ್ಟವನ್ನು ನೀರು ಬೆರೆಸಿ ಸರಿಪಡಿಸಲಾಗದು. ಹೆಪ್ಪುಗಟ್ಟಿದರೂ ಎಮಲ್ಷನ್ ಒಡೆಯುವುದುಂಟು. ಆದರೆ ಆ ಭಯ ಲಡಾಖಿನ ವರ್ತಕರಿಗೆ. ನಮಗೆ ಏಪ್ರಿಲ್ ತಿಂಗಳ ಬಿಸಿಲೇ ಶತ್ರು.

ಡಬ್ಬಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ನೆಲದ ತೇವ ತಾಗದಂತೆ ಮರದ ಹಲಗೆಗಳ ಮೇಲೆ ಜೋಡಿಸಬೇಕು. ತೆರೆದ ಡಬ್ಬವನ್ನು ಮುಚ್ಚುವ ಮುನ್ನ ಅಂಚಿಗೆ ಮೆತ್ತಿದ ಬಣ್ಣವನ್ನು ಒರೆಸದಿದ್ದರೆ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ. ನೀರು ಬೆರೆಸಿ ಉಳಿದ ಬಣ್ಣವನ್ನು ಮೂಲ ಡಬ್ಬಕ್ಕೆ ಮರಳಿ ಸುರಿಯುವುದು ನಮ್ಮಲ್ಲಿ ಸಾಮಾನ್ಯ ಅಭ್ಯಾಸ. ಇದರಿಂದ ಸೂಕ್ಷ್ಮಾಣುಗಳು ಒಳಸೇರುವುದಲ್ಲದೆ, ತಯಾರಕರು ಬೆರೆಸಿದ ಸಂರಕ್ಷಕವೂ ತೆಳುವಾಗುತ್ತದೆ. ದುರ್ವಾಸನೆಗೆ ಮುಖ್ಯ ಕಾರಣ ಇದೇ. ಟರ್ಪೆಂಟೈನ್, ಥಿನ್ನರ್‌ಗಳನ್ನು ಬೇರೆ ಕೋಣೆಯಲ್ಲಿಡಬೇಕೆಂದು ಬೇರೆ ಹೇಳಬೇಕಿಲ್ಲ.

ಇನ್ನು ಲೆಕ್ಕದ ವಿಚಾರ. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಾಗಬಹುದಾದ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ನಮೂದಿಸತಕ್ಕದ್ದು. ಕೆಟ್ಟ ಬಣ್ಣವನ್ನು ಕೊಂಡ ಬೆಲೆಗೇ ತೋರಿಸಿದರೆ ಲಾಭ ಉಬ್ಬುತ್ತದೆ, ಇಲ್ಲದ ಲಾಭಕ್ಕೆ ಆದಾಯ ತೆರಿಗೆ ಕಟ್ಟಬೇಕಾಗುತ್ತದೆ, ಬ್ಯಾಂಕಿಗೆ ಕೊಡುವ ದಾಸ್ತಾನು ವಿವರಣೆಯೂ ಸುಳ್ಳಾಗುತ್ತದೆ. ಹಾಗೆಂದು ಕೆಟ್ಟ ಮೇಲೆ ವಜಾ ಮಾಡಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)(ಎಚ್) ಕಲಮಿನಂತೆ, ನಾಶವಾದ ಅಥವಾ ವಜಾ ಮಾಡಿದ ಸರಕಿನ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ತೆರಿಗೆ ಶೇ. 18 ಎಂದಿಟ್ಟುಕೊಂಡರೆ, 20,000 ರೂ. ಬಣ್ಣದ ಜೊತೆ 3,600 ರೂ. ಜಮೆಯೂ ಹೋಯಿತು. ಅದೇ ಸರಕನ್ನು ಸುಸ್ಥಿತಿಯಲ್ಲಿರುವಾಗಲೇ ಹೊರಗಿನ ಗ್ರಾಹಕರಿಗೆ 12,000 ರೂ.ಗೆ ಮಾರಿದ್ದರೆ ಆ ಹಣವೂ ಬರುತ್ತಿತ್ತು, ಜಮೆಯೂ ಉಳಿಯುತ್ತಿತ್ತು. ಅಸಲಿಗಿಂತ ಕಡಿಮೆಗೆ ಮಾರುವುದು ಅವಮಾನವೆಂದು ಭಾವಿಸುವ ಹಿರಿಯ ವರ್ತಕರಿದ್ದಾರೆ. ಅವರು ಈ ಲೆಕ್ಕವನ್ನೊಮ್ಮೆ ಕೈಯಾರೆ ಮಾಡಿ ನೋಡಬೇಕು.

ಯಂತ್ರದಲ್ಲಿ ಬಣ್ಣ ಬೆರೆಸಿದ ಮೇಲೆ ಗ್ರಾಹಕರು ಒಯ್ಯದೆ ಬಿಟ್ಟ ಡಬ್ಬಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಆ ಛಾಯೆಗೆ ಇನ್ನೊಬ್ಬ ಗ್ರಾಹಕ ಸಿಗುವುದು ಅಪರೂಪ. ಬಣ್ಣ ಚೆನ್ನಾಗಿದ್ದರೂ ಅದರ ವಸೂಲಾಗುವ ಮೌಲ್ಯ ಅಂದೇ ಕುಸಿದಿರುತ್ತದೆ.

ಮೇಲೆ ಹೇಳಿದ ವರ್ತಕರು ಈಗ ಎಣಿಕೆ ಹಾಳೆಯಲ್ಲಿ ತಯಾರಿಕೆಯ ತಿಂಗಳಿಗೊಂದು ಅಂಕಣ ಸೇರಿಸಿದ್ದಾರೆ. ಹಳೆಯ ಡಬ್ಬಗಳನ್ನು ಮುಂದಿನ ಸಾಲಿಗೆ ತಂದಿಡುತ್ತಾರೆ. ಅಟ್ಟದಲ್ಲಿ ಈಗ ಕುಂಚ ಮತ್ತು ಉಪ್ಪುಕಾಗದ ಮಾತ್ರ ಇವೆ.